ರೂಪವಂತರು ಎರಡಾಣೆ

ಹೋಟೆಲಿನಲ್ಲಿ ದುಡಿದವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಕ್ಕೆ ನಾಲ್ಕು ಸಲ ತಾನಾಗಿಯೇ ಬಂದು, ಕೈ ತೊಳೆದು, ಬೆಂಚಿನ ಮೇಲೆ ಕೂತು, ‘ಎಂತ ಉಂಟು?’ ಎಂದು ಕೇಳುತ್ತದೆ. ಬೇರೆ ಕೆಲಸ ಮಾಡಿದವರಿಗೆ ಮುದಿತನದಲ್ಲಿ ಪಿಂಚಣಿ ಬರುತ್ತದಂತೆ. ನನಗೆ ಈ ಕತೆಗಳು ಉಳಿದಿವೆ.

ಎರಡನೇ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಹಿಂದಿನ ಮಾತು. ಮಂಗಳೂರಿನಲ್ಲಿ, ಕುದ್ರೋಳಿಯಿಂದ ಬಂದರಿಗೆ ಹೋಗುವ ದಾರಿಯಲ್ಲಿ, ಆರು ಬೆಂಚಿನ ಒಂದು ಕಾಫಿ ಹೋಟೆಲು. ಅಲ್ಲಿ ಕೆಲಸಕ್ಕೆ ನಾವು ಮೂರೇ ಮಂದಿ. ಗಲ್ಲಾಪೆಟ್ಟಿಗೆಯ ಹಿಂದೆ ಧಣಿ, ಒಳಗೆ ಒಲೆಯ ಮುಂದೆ ಅಡುಗೆಯ ಭಟ್ಟರು, ಇವರಿಬ್ಬರ ನಡುವೆ ಬೆಳಗಿನಿಂದ ಸಂಜೆಯವರೆಗೆ ಓಡುವ ಸಪ್ಲೈಯರ್ ನಾನು. ಭಟ್ಟರಿಗೆ ತಿಂಗಳಿಗೆ ಹದಿನೆಂಟು ರೂಪಾಯಿ. ನನಗೆ ಆರು. ಯಾಕೆ ಹೀಗೆ ಎಂದು ಕೇಳಿದರೆ ಧಣಿ ಒಂದೇ ಮಾತು ಹೇಳುತ್ತಿದ್ದರು: “ಭಟ್ಟರದ್ದು ಕಸುಬು. ನಿನ್ನದು ನಡಿಗೆ.”

ಆರು ರೂಪಾಯಿ ನನ್ನೊಬ್ಬನಿಗೆ ಕಡಿಮೆಯೇನಲ್ಲ, ಊಟ ನಿದ್ದೆ ಎರಡೂ ಹೋಟೆಲಿನಲ್ಲಿಯೇ. ಆದರೆ ಬಲ್ಮಠದಲ್ಲಿ ಗಡಿಯಾರ ರಿಪೇರಿ ಮಾಡುವವರ ಮಗಳನ್ನು ನನ್ನ ಮನೆಯವರು ನನಗೆ ಕೇಳಿದ್ದರು. ಹುಡುಗಿ ಒಪ್ಪಿದ್ದಳು, ನಾನು ಕೇಳುವ ಮೊದಲೇ ಒಪ್ಪಿದ್ದೆ, ಜಾತಕಗಳೂ ಜಗಳವಾಡದೆ ಕೂಡಿ ಬಂದಿದ್ದವು. ಗಡಿಯಾರದವರು ಮಾತ್ರ ಒಪ್ಪಲಿಲ್ಲ. “ತಟ್ಟೆ ಹಿಡಿದು ನಡೆಯುವವನಿಗೆ ಹೇಗೆ ಕೊಡುದು? ಸಂಬಳ ಹತ್ತು ಆಗಲಿ. ಹತ್ತು ಅಂತ ನಿನ್ನ ಧಣಿಯ ಬಾಯಿಂದಲೇ ನಾನು ಕೇಳಬೇಕು. ಮಳೆಗಾಲದ ಒಳಗೆ ಆಗದಿದ್ದರೆ ಕಾರ್ಕಳದಲ್ಲಿ ಒಬ್ಬ ಕಂಪೌಂಡರ್ ಇದ್ದಾನೆ. ಮದ್ದು ಅರೆಯಲಿಕ್ಕೆ ಬರ್ತದೆ ಅವನಿಗೆ,” ಎಂದರು. ಅಂದಿನಿಂದ ಕೆಮ್ಮು ಬಂದರೂ ನಾನು ಮದ್ದು ಕುಡಿದವನಲ್ಲ.

ಕಾಗೆಯ ವಿದ್ಯೆ

ಆಗ ನಮ್ಮಲ್ಲಿ ಬಿಲ್ಲಿನ ಚೀಟಿ ಎಂಬುದಿರಲಿಲ್ಲ. ಗಿರಾಕಿ ತಿಂದು, ಕೈ ತೊಳೆದು, ಗಲ್ಲಾದ ಕಡೆ ಹೊರಟರೆ ನಾನು ಎಲ್ಲಿದ್ದೇನೋ ಅಲ್ಲಿಂದಲೇ ಅವರ ದುಡ್ಡು ಎಷ್ಟೆಂದು ಕೂಗಿ ಧಣಿಗೆ ತಿಳಿಸಬೇಕು. ಬೆಂಚಿನ ತುಂಬ ಮೂವತ್ತು ಮಂದಿ, ಒಬ್ಬರ ಹೆಸರೂ ಗೊತ್ತಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಗುರುತು ಕಟ್ಟಿಕೊಳ್ಳಬೇಕು. ‘ಕರಿ ಕೋಟು ಒಂದಾಣೆ!’ ‘ಕೊಡೆ ಹಿಡಿದವರು ಒಂದೂವರೆ!’ ‘ಕೆಂಪು ಶಾಲು ಎರಡಾಣೆ!’ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಕೊಡೆ ಹಿಡಿಯದವರು ಯಾರು? ಆ ನಾಲ್ಕು ತಿಂಗಳು ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು.

ಗುರುತು ಧಣಿಗೆ ತಿಳಿಯುವಷ್ಟು ಸ್ಪಷ್ಟವಾಗಿರಬೇಕು, ಗಿರಾಕಿಗೆ ಸಿಟ್ಟು ಬಾರದಷ್ಟು ನಯವಾಗಿರಬೇಕು. ಒಂದು ದಿನ ಗಡಿಬಿಡಿಯಲ್ಲಿ ನಯ ತಪ್ಪಿಹೋಯಿತು. ಬಂದರಿನ ಒಬ್ಬ ಗುಮಾಸ್ತರು ಎದ್ದು ಹೊರಟಿದ್ದರು. ಅವರ ಮೈಮೇಲೆ ಕೋಟಿಲ್ಲ, ಕೈಯಲ್ಲಿ ಕೊಡೆಯಿಲ್ಲ, ತಲೆಯ ಮೇಲೆ ಏನೇನೂ ಇಲ್ಲ. ನನ್ನ ಬಾಯಿಂದ ಹೊರಟೇಹೋಯಿತು: “ಬೋಳು ತಲೆ ಎರಡಾಣೆ!”

ಹೋಟೆಲಿನಲ್ಲಿ ಆಗ ಕೂದಲಿಲ್ಲದವರು ಕಡಿಮೆಯೆಂದರೆ ಐದು ಮಂದಿ ಇದ್ದರು. ಐವರೂ ‘ಯಾರಪ್ಪ ಆ ಬೋಳು ತಲೆ?’ ಎಂದು ಸುತ್ತಲೂ ಹುಡುಕತೊಡಗಿದರು. ಗುಮಾಸ್ತರು ಕಿವಿಯ ಮೇಲಿದ್ದ ಮೂರು ಕೂದಲನ್ನು ಬೆರಳಿನಿಂದ ಬಾಚಿಕೊಂಡು, ಅವರೂ ಸ್ವಲ್ಪ ಹೊತ್ತು ಹುಡುಕಿ, ದುಡ್ಡು ಕೊಡದೆ ನಡೆದುಬಿಟ್ಟರು. ಧಣಿ ಆ ಎರಡಾಣೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಮರುದಿನ ಗುಮಾಸ್ತರು ಏನೂ ಆಗದವರಂತೆ ಮತ್ತೆ ಬಂದರು, ತಿಂದರು, ಎದ್ದರು. ರಾತ್ರಿಯಿಡೀ ಯೋಚಿಸಿದ್ದೆ ನಾನು. ಗಂಟಲು ಸರಿಮಾಡಿಕೊಂಡು ಕೂಗಿದೆ: “ರೂಪವಂತರು ಎರಡಾಣೆ!”

ಗುಮಾಸ್ತರು ಎದೆ ಮುಂದೆ ಮಾಡಿಕೊಂಡು ಗಲ್ಲಾಕ್ಕೆ ಹೋದರು. ಅವರ ಹಿಂದೆ ಇನ್ನೂ ಮೂವರು ಎದ್ದು ಬಂದು, ಮಾತಿಲ್ಲದೆ ಎರಡೆರಡು ಆಣೆ ಇಟ್ಟರು. ಅವರಲ್ಲಿ ಒಬ್ಬರು ಕುಡಿದದ್ದು ಬರೀ ಕಾಫಿ.

ಧಣಿಗೆ ಖುಷಿಯೋ ಖುಷಿ. “ದಿನಾ ಹೀಗೇ ಕೂಗು,” ಎಂದರು. ಬ್ರಹ್ಮಾಸ್ತ್ರವನ್ನು ದಿನಾ ಬಿಟ್ಟರೆ ಅದು ಬ್ರಹ್ಮಾಸ್ತ್ರವಾಗಿ ಉಳಿಯುವುದಿಲ್ಲ ಎಂದೆ. ಇದೇ ಒಳ್ಳೆಯ ಸಮಯವೆಂದು ಸಂಬಳದ ಮಾತನ್ನೂ ತೆಗೆದೆ. “ಧಣೀ, ಇದೂ ಒಂದು ವಿದ್ಯೆಯಲ್ಲವಾ? ಹತ್ತು ಮಾಡಿ.”

ಧಣಿಯ ಖುಷಿ ಅಲ್ಲಿಗೇ ನಿಂತಿತು. “ಕೂಗಲಿಕ್ಕೆ ಎಂತ ವಿದ್ಯೆ ಮಾರಾಯ? ಕಾಗೆ ಸಹ ಕೂಗ್ತದೆ. ನಾನು ಅದಕ್ಕೆ ಸಂಬಳ ಕೊಡ್ತೇನಾ?”

ಬೈಗುಳದ ಇಲಾಖೆ

ಭಟ್ಟರು ಕೆಟ್ಟವರಲ್ಲ. ಆದರೆ ಮೂವತ್ತು ವರ್ಷ ಒಲೆಯ ಮುಂದೆ ಕೂತು, ಹೊರಗಿನ ಲೋಕದಲ್ಲಿ ಬರೀ ತಮ್ಮನ್ನು ಹೊಗಳುವವರೇ ಇದ್ದಾರೆ ಎಂದು ನಂಬಿಬಿಟ್ಟಿದ್ದರು. ತಪ್ಪು ಅವರದಲ್ಲ. ಹೊಗಳಿಕೆ ಮಾತ್ರ ಒಳಗಿನವರೆಗೆ ಹೋಗುತ್ತಿತ್ತು. ಬೈಗುಳ ನನ್ನ ಹತ್ತಿರವೇ ನಿಂತುಬಿಡುತ್ತಿತ್ತು.

ಒಮ್ಮೆ ಭಟ್ಟರು ಏನೋ ಧ್ಯಾನದಲ್ಲಿ ಸಾಂಬಾರಿಗೆ ಎರಡು ಸಲ ಮೆಣಸು ಹಾಕಿದರು. ಅಂದು ಮೊದಲು ಕೂತವರು ಬಂದರಿನ ಒಬ್ಬ ಮರದ ವ್ಯಾಪಾರಿ, ಭಾರೀ ಆಸಾಮಿ. ಮೊದಲ ತುತ್ತಿಗೇ ಅವರ ಮುಖ ಕೆಂಪಾಯಿತು. ಎರಡನೆಯದಕ್ಕೆ ನನ್ನ ಮನೆತನದ ವಿಚಾರ ಎತ್ತಿದರು. ನನ್ನ ಅಜ್ಜನ ತನಕ ಹೋದರು. ನನ್ನ ಅಜ್ಜ ಜನ್ಮದಲ್ಲಿ ಸಾಂಬಾರು ಮಾಡಿದವರಲ್ಲ. ನಾನು ನಗುಮುಖ ಬಿಡದೆ, “ಇನ್ನೊಂದು ಲೋಟ ನೀರು ತರಲಾ?” ಎಂದು ಕೇಳುತ್ತ ನಿಂತೆ. ನಾಲ್ಕು ಲೋಟ ನೀರು ಮುಗಿಯುವಾಗ ಬೈಗುಳವೂ ಮುಗಿಯಿತು.

ಏಳುವಾಗ ಅವರು ಒಂದಾಣೆ ತೆಗೆದು ನನ್ನ ಕೈಯಲ್ಲಿಟ್ಟರು. ನನಗೆ ಕಣ್ಣು ತುಂಬಿ ಬಂತು. “ದೋಸೆ ಮಾತ್ರ ಫಸ್ಟ್‌ಕ್ಲಾಸ್ ಆಗಿತ್ತು. ಇದು ಭಟ್ಟರಿಗೆ ಕೊಡು,” ಎಂದರು.

ಒಳಗೆ ಹೋಗಿ ಆಣೆಯನ್ನು ಭಟ್ಟರ ಕೈಗೆ ಕೊಟ್ಟೆ. ಅಜ್ಜನವರೆಗಿನ ಬೈಗುಳವನ್ನೂ ಒಂದಕ್ಷರ ಬಿಡದೆ ಒಪ್ಪಿಸಿ, “ಎರಡನ್ನೂ ಪಾಲು ಮಾಡುವ,” ಎಂದೆ. ಭಟ್ಟರು ಆಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೌಟು ತಿರುಗಿಸುತ್ತ, ಬಹಳ ಶಾಂತವಾಗಿ ಹೇಳಿದರು: “ಬೈಗುಳ ನಿನ್ನ ಇಲಾಖೆ. ಅದರಲ್ಲಿ ನಾನು ಕೈ ಹಾಕುದಿಲ್ಲ.”

ಬೆವರಿನ ತೂಕ

ನಮ್ಮಲ್ಲಿಗೆ ದಿನಾ ಬರುತ್ತಿದ್ದ ಒಬ್ಬರು ಮಾಷ್ಟ್ರು ಇದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ತಿದ್ದಲು ಮಕ್ಕಳು ಸಿಗದೆ ನಮ್ಮನ್ನು ತಿದ್ದುತ್ತಿದ್ದರು. ಸಂಬಳದ ವಿಚಾರವಾಗಿ ನಾನೂ ಭಟ್ಟರೂ ಮಾತಿಗೆ ಮಾತು ಬೆಳೆಸುವುದನ್ನು ಕೇಳಿ ಅವರು ಒಂದು ದಿನ ತೀರ್ಪು ಕೊಟ್ಟರು. “ಶ್ರಮ ಎಂದರೆ ಬೆವರು. ಯಾರ ಬೆವರು ಹೆಚ್ಚೋ ಅವರ ಸಂಬಳ ಹೆಚ್ಚಾಗಬೇಕು.”

ಬೇರೆ ಯಾರಾದರೂ ಇದನ್ನು ಗಾದೆಯೆಂದು ಕೇಳಿ ಬಿಡುತ್ತಿದ್ದರು. ನಮ್ಮ ಧಣಿ ಕಾಫಿಪುಡಿ ತೂಗುವ ತಕ್ಕಡಿಯನ್ನು ತಂದು ಗಲ್ಲಾದ ಮೇಲಿಟ್ಟರು.

ಒಂದೇ ಹಾಸಿನಿಂದ ಹರಿದ ಎರಡು ಬೈರಾಸು ನಮ್ಮಿಬ್ಬರ ಹೆಗಲಿಗೆ ಬಂತು. ಏಳರಿಂದ ಹತ್ತು ಗಂಟೆಯವರೆಗೆ ಮೈ ಒರೆಸಿಕೊಳ್ಳುವುದೆಲ್ಲ ಅದರಲ್ಲಿಯೇ, ಆಮೇಲೆ ತೂಕ. ಅದು ಎಪ್ರಿಲ್ ತಿಂಗಳು. ಮಂಗಳೂರಿನ ಎಪ್ರಿಲಿನಲ್ಲಿ ಗೋಡೆಗೆ ಒರಗಿದರೆ ಗೋಡೆಯೂ ಬೆವರುತ್ತದೆ. ನಾನು ಗೆದ್ದೆ ಎಂದೇ ತಿಳಿದೆ. ಎರಡು ಇಡ್ಲಿ ಕೇಳಿದವರಿಗೆ ಒಂದೊಂದಾಗಿ ಎರಡು ಸಲ ಓಡಿ ತಂದುಕೊಟ್ಟೆ. ನೀರು ಕೇಳಿದವರಿಗೆ ಅರ್ಧರ್ಧ ಲೋಟ ತಂದೆ. ಬಂದರಿನ ಕೂಲಿಯವರೊಬ್ಬರು, “ಇವನಿಗೆ ಎಂತ ಆಗಿದೆ?” ಎಂದು ಪಕ್ಕದವರನ್ನು ಕೇಳಿದರು.

ಒಳಗೆ ಭಟ್ಟರ ಪಾಡು ಬೇರೆ. ಮೂವತ್ತು ವರ್ಷದ ಬೆಂಕಿಗೆ ಅವರ ಮೈ ಹಪ್ಪಳದಂತೆ ಒಣಗಿಹೋಗಿತ್ತು. ಒಲೆಗೆ ಮುಖ ಕೊಟ್ಟು ಕೂತರೂ ಒಂದು ಹನಿ ಇಳಿಯಲಿಲ್ಲ. ಹಟದಿಂದ ಒಲೆಗೆ ಹಸಿ ಸೌದೆ ತುಂಬಿಸಿ ಊದಿದರು. ಬೆವರು ಬರಲಿಲ್ಲ, ಹೊಗೆಗೆ ಕಣ್ಣೀರು ಧಾರೆಯಾಗಿ ಬಂತು. ಅದನ್ನೇ ಬೈರಾಸಿನಲ್ಲಿ ಒರೆಸಿ ಒರೆಸಿ ಒದ್ದೆ ಮಾಡಿಕೊಂಡು ಬಂದರು.

ಮಾಷ್ಟ್ರು ಒಪ್ಪಲಿಲ್ಲ. “ಕಣ್ಣೀರು ಲೆಕ್ಕಕ್ಕಿಲ್ಲ. ಕಣ್ಣೀರಿಗೆ ಸಂಬಳ ಕೊಡುವುದಾದರೆ ನಮ್ಮ ಮಾಷ್ಟ್ರುಗಳೆಲ್ಲ ಯಾವಾಗಲೋ ಬಂಗಲೆ ಕಟ್ಟುತ್ತಿದ್ದರು.”

ಆದರೂ ಇರಲಿ ಎಂದು ತೂಗಿದರು. ನನ್ನದು ಸ್ವಲ್ಪ ಹೆಚ್ಚು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಧಣಿ, “ಅಬ್ಬ, ಎಂಥ ಸೆಕೆ!” ಎನ್ನುತ್ತ ತಮ್ಮ ಹೆಗಲ ಬೈರಾಸನ್ನು ತೆಗೆದು ಮೇಜಿನ ಮೇಲೆ ಹಾಕಿದರು. ಅದು ‘ಪಚಕ್’ ಎಂದಿತು. ಧಣಿಯದ್ದು ಇನ್ನೂರು ರಾತಲಿನ ದೇಹ. ಗಾಳಿಯಾಡದ ಮೂಲೆಯಲ್ಲಿ ಗಲ್ಲಾದ ಹಿಂದೆ ಬೆಳಗಿನಿಂದ ಅಲುಗಾಡದೆ ಕೂತಿದ್ದರು. ಮಾಷ್ಟ್ರು ಆ ಬೈರಾಸನ್ನೂ ತಕ್ಕಡಿಗೆ ಹಾಕಿದರು. ನಮ್ಮಿಬ್ಬರದ್ದನ್ನು ಸೇರಿಸಿ ಇನ್ನೊಂದು ಬದಿಗಿಟ್ಟರೂ ಅದು ಮೇಲೇಳಲಿಲ್ಲ.

ಧಣಿ ಬಗ್ಗಿ ತಕ್ಕಡಿಯನ್ನು ನೋಡಿ ಹೇಳಿದರು: “ಇಪ್ಪತ್ತು ವರ್ಷದಿಂದ ನನಗೇ ಗೊತ್ತಿರಲಿಲ್ಲ ಮಾರಾಯ, ಕೂತುಕೊಂಡು ಇರುದು ಇಷ್ಟು ಕಷ್ಟದ ಕೆಲಸ ಅಂತ.”

ಸಂಬಳ ಹೆಚ್ಚಾಗಲಿಲ್ಲ. ತಕ್ಕಡಿ ಕಾಫಿಪುಡಿ ತೂಗುವ ಹಿಂದಿನ ಕೆಲಸಕ್ಕೆ ಮರಳಿತು. ಮರುದಿನ ಬೆಳಿಗ್ಗೆ ಮಾಷ್ಟ್ರು ಮೊದಲ ಗುಟುಕು ಹೀರಿ, ಲೋಟವನ್ನು ಕೆಳಗಿಟ್ಟು ಕೇಳಿದರು: “ಕಾಫಿಗೆ ಉಪ್ಪು ಹಾಕಿದ್ದು ಯಾರು?”

ಬುಧವಾರ ಬನ್ನಿ

ಹೋಟೆಲಿನ ಗೋಡೆ ಗಡಿಯಾರ ನಿಂತುಹೋಗಿತ್ತು. ಅದನ್ನು ರಿಪೇರಿಗೆ ಬಲ್ಮಠಕ್ಕೆ ಒಯ್ದವನು ನಾನೇ. ನನ್ನ ಮಾವನಾಗಬೇಕಾದವರ ಅಂಗಡಿ ಎಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಯ ಮೇಲೆ ಹದಿನಾಲ್ಕು ಗಡಿಯಾರ. ಹದಿನಾಲ್ಕರಲ್ಲಿ ಹದಿನಾಲ್ಕು ಬೇರೆ ಬೇರೆ ಗಂಟೆ. ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಇನ್ನೊಂದನ್ನು ಮುಚ್ಚಿ, ನಮ್ಮ ಗಡಿಯಾರದ ಹೊಟ್ಟೆಯನ್ನು ನೋಡಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟರು.

“ಇದನ್ನು ಮೊದಲು ಬಿಚ್ಚಿದ್ದು ಯಾರು?”

“ಯಾರೂ ಬಿಚ್ಚಲಿಲ್ಲ.”

“ಅದೇ ತಪ್ಪು. ಬುಧವಾರ ಬಾ.”

ಬುಧವಾರ ಹೋದರೆ ಮತ್ತೆ ಬುಧವಾರ ಬಾ ಎಂದರು. ಹೀಗೆ ಎಷ್ಟೋ ಬುಧವಾರ ಕಳೆಯಿತು. ಧಣಿ ಶಪಿಸುತ್ತಿದ್ದರು. ನನಗೇನೂ ಬೇಸರವಿರಲಿಲ್ಲ, ಆ ಹೊತ್ತಿಗೆ ಮಗಳು ಅಪ್ಪನಿಗೆ ಬುತ್ತಿ ತರುತ್ತಿದ್ದಳು. ಒಂದು ಸಲ ಅವಳು ಬಾಗಿಲಲ್ಲಿ ನಿಂತು, “ಹೋಟೆಲಿನವರಿಗೆ ಗಡಿಯಾರಕ್ಕೆ ತುಂಬ ಅವಸರ ಉಂಟಾ?” ಎಂದು ಕೇಳಿದಳು. “ಇಲ್ಲ, ಇಲ್ಲ, ನಿಧಾನ ಆಗಲಿ,” ಎಂದೆ. ಅವಳು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಅಂಗಡಿಯಲ್ಲಿ ನಾನು ಕಂಡ ಆಶ್ಚರ್ಯ ಬೇರೆಯೇ. ದೊಡ್ಡ ದೊಡ್ಡ ವಕೀಲರು ಬಂದು, ಗಡಿಯಾರ ಆಗಿಲ್ಲ ಎಂದು ಕೇಳಿ, ತಲೆ ತಗ್ಗಿಸಿ ಹೋಗುತ್ತಿದ್ದರು. ಅವರೇ ನಮ್ಮಲ್ಲಿ ಇಡ್ಲಿ ಅರ್ಧ ನಿಮಿಷ ತಡವಾದರೆ ಬೆಂಚು ಕುಟ್ಟುತ್ತಿದ್ದರು. ಕಸುಬುದಾರನಿಗೂ ನನಗೂ ವ್ಯತ್ಯಾಸ ಕೈಯಲ್ಲಿಲ್ಲ, ನಿಟ್ಟುಸಿರಿನಲ್ಲಿದೆ ಎಂದು ನನಗೆ ಅನಿಸಿತು. ಪರೀಕ್ಷಿಸಿ ನೋಡುವ ಎಂದುಕೊಂಡೆ.

ಮರುದಿನ ಒಬ್ಬ ಹೊಸ ಗಿರಾಕಿ, ಕಂಕನಾಡಿಯ ಕಡೆಯವರು, ಬಂದು ಕೂತು ದೋಸೆ ಕೇಳಿದರು. ನಾನು ಒಂದು ಕಣ್ಣು ಮುಚ್ಚಿ ಅವರನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿ, ನಿಟ್ಟುಸಿರು ಬಿಟ್ಟೆ.

“ಇದಕ್ಕಿಂತ ಮೊದಲು ಎಂತ ತಿಂದದ್ದು?”

ಅವರು ಹೆದರಿದರು. “ಮನೆಯಲ್ಲಿ... ಸ್ವಲ್ಪ ಗಂಜಿ.”

“ಅದೇ ತಪ್ಪು.”

“ಹಾಗಾದರೆ ಈಗ ಎಂತ ಮಾಡುದು?”

“ದೋಸೆ ಈಗ ಕಷ್ಟ. ಬುಧವಾರ ಬನ್ನಿ.”

ಬೆಂಚು ಕುಟ್ಟುತ್ತಾರೆ ಎಂದು ಕಾದೆ. ಅವರು ವಿನಯದಿಂದ ಎದ್ದು, “ಎಷ್ಟು ಗಂಟೆಗೆ?” ಎಂದು ಕೇಳಿಕೊಂಡು ಹೋದರು. ಗಿರಾಕಿಯನ್ನು ಓಡಿಸಿದೆ ಎಂದು ಧಣಿ ನನಗೆ ಒಂದು ವಾರ ಬೈದರು. ಬುಧವಾರ ಸರಿಯಾಗಿ ಎಂಟು ಗಂಟೆಗೆ ಆ ಮನುಷ್ಯರು ಬಂದು ನಿಂತರು. ಮುಂಗಡ ಸಹ ತಂದಿದ್ದರು.

ಅದಲು ಬದಲು

ಮೇ ತಿಂಗಳು ಮುಗಿಯುತ್ತ ಬಂತು. ಕಾರ್ಕಳದ ಕಂಪೌಂಡರ್ ಒಮ್ಮೆ ಬಲ್ಮಠಕ್ಕೆ ಬಂದು ಹೋದನೆಂದು ಸುದ್ದಿಯೂ ಬಂತು. ನಾನು ಊಟ ಬಿಟ್ಟೆ. ನನ್ನ ಮುಖ ನೋಡಲಾರದೆ ಮಾಷ್ಟ್ರು ಕೊನೆಯ ತೀರ್ಪು ಕೊಟ್ಟರು. “ತೂಕ ಸಾಕು. ಒಂದು ಬೆಳಿಗ್ಗೆ ಇವನು ಒಳಗೆ ಅಡುಗೆ ಮಾಡಲಿ, ಭಟ್ಟರು ಹೊರಗೆ ಬಡಿಸಲಿ. ಯಾವುದು ಕಷ್ಟ ಎಂದು ಊರೇ ನೋಡಲಿ.”

ಧಣಿ ಒಪ್ಪಿದರು. ನಾನು ಗೆದ್ದರೆ ಸಂಬಳ ಹತ್ತು, ಸೋತರೆ ಇನ್ನು ಸಂಬಳದ ಸುದ್ದಿ ಎತ್ತುವಂತಿಲ್ಲ. ಭಟ್ಟರು ನಕ್ಕು, “ನಡೆಯಲಿಕ್ಕೆ ಎಂತ, ಎರಡು ಕಾಲು ಉಂಟಲ್ಲ,” ಎಂದರು. ನಾನು ಗೆದ್ದೇಬಿಟ್ಟೆ ಎಂಬ ಹುಮ್ಮಸ್ಸಿನಲ್ಲಿ, ಅದೇ ಬೆಳಿಗ್ಗೆ ಬಂದು ಧಣಿಯ ಬಾಯಿಂದ ಕೇಳಿ ಎಂದು ಗಡಿಯಾರದವರಿಗೂ ಹೇಳಿ ಬಂದೆ. ಮದುವೆಯ ಅವಸರದಲ್ಲಿರುವವನಿಗೆ ಬುದ್ಧಿ ಎಲ್ಲಿಂದ ಬರಬೇಕು?

ಹಿಂದಿನ ಸಂಜೆ, ಇಡ್ಲಿಯ ಅಕ್ಕಿಗೆ ಉದ್ದು ಎಷ್ಟು ಎಂದು ಕೇಳಿದರೆ ಭಟ್ಟರು, “ಅದು ನನ್ನ ಇಲಾಖೆ,” ಎಂದರು. ನಾನೇ ಅಂದಾಜಿನಲ್ಲಿ ರುಬ್ಬಿದೆ. ಸಾಂಬಾರು ಮಾತ್ರ ಭಟ್ಟರೇ ಬೆಳಿಗ್ಗೆ ಮಾಡಿಟ್ಟರು. ಅದನ್ನು ನನ್ನ ಕೈಗೆ ಕೊಡಲು ಅವರ ಜೀವ ಒಪ್ಪಲಿಲ್ಲ.

ಇಡ್ಲಿ ಬೆಂದು ಹೊರಗೆ ಹೋಯಿತು. ಒಂದು ಹಂಚಿನ ಕಾರ್ಖಾನೆಯ ಮೇಸ್ತ್ರಿಗಳು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ಕೈಗೆ ಬಂದ ಇಡ್ಲಿಯನ್ನು ಬೆರಳಿನ ಗಂಟಿನಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ತಟ್ಟಿ, “ನಾದ ಒಳ್ಳೆಯದುಂಟು. ಮಳೆಗಾಲಕ್ಕೆ ಸೋರುದಿಲ್ಲ,” ಎಂದರು.

ಉಳಿದವರು ಅಷ್ಟು ಸಮಾಧಾನದವರಲ್ಲ. “ಭಟ್ಟರೇ, ಎಂತ ಇದು?” ಎಂದು ಮರದ ವ್ಯಾಪಾರಿ ಗುಡುಗಿದರು.

“ನಾನು ಮಾಡಿದ್ದಲ್ಲ!” ಎಂದರು ಭಟ್ಟರು.

“ತಂದದ್ದು ನೀವಲ್ಲವಾ?” ಎಂದು ಅವರು ಶುರುಮಾಡಿ, ಭಟ್ಟರ ಅಜ್ಜನವರೆಗೂ ಹೋದರು. ಮೂವತ್ತು ವರ್ಷದಲ್ಲಿ ಗಿರಾಕಿಯ ಬಾಯಿಂದ ಒಂದೂ ಬೈಗುಳ ಕೇಳದ ಮನುಷ್ಯ! ತಟ್ಟೆಯನ್ನು ಎದೆಗೆ ಅಡ್ಡ ಹಿಡಿದುಕೊಂಡರು. ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ನನಗೆ ಪಾಪ ಎನಿಸಿತು. ಸುಳ್ಳು ಹೇಳಬಾರದು, ಸ್ವಲ್ಪ ಸಂತೋಷವೂ ಆಯಿತು.

ಮೊದಲನೆಯವರು ಹೇಳಿದ್ದನ್ನು ಐದನೆಯವರ ಹತ್ತಿರ ಹೋಗುವಾಗ ಭಟ್ಟರು ಮರೆತಿರುತ್ತಿದ್ದರು. ಕಾಫಿ ಕೇಳಿದವರಿಗೆ ದೋಸೆ ಇಟ್ಟು, “ಬಿಸಿ ಉಂಟು, ಮೊದಲು ಇದನ್ನು ತಿನ್ನಿ,” ಎನ್ನುತ್ತಿದ್ದರು. ಇಟ್ಟ ಮೇಲೆ ಮುಂದೆ ಹೋಗದೆ ಅಲ್ಲಿಯೇ ನಿಂತು, “ಚಟ್ನಿಯನ್ನು ಹಾಗೆ ಮುಟ್ಟುದಲ್ಲ,” ಎಂದು ಪಾಠ ಹೇಳುತ್ತಿದ್ದರು. ದುಡ್ಡು ಕೂಗುವ ಹೊತ್ತು ಬಂದಾಗಲಂತೂ ಎಲ್ಲ ಕೆಟ್ಟಿತು. ಭಟ್ಟರು ಯಾರ ಮುಖವನ್ನೂ ನೋಡಿದವರಲ್ಲ, ನೋಡಿದ್ದು ತಟ್ಟೆಗಳನ್ನು. “ಚಟ್ನಿ ದಂಡ ಮಾಡಿದವರು ಒಂದಾಣೆ!” “ದೋಸೆಯ ಅಂಚು ಬಿಟ್ಟವರು ಒಂದೂವರೆ!” ಕೈ ತೊಳೆದು ಬಂದವರಲ್ಲಿ ಅಂಚು ಬಿಟ್ಟವರು ಯಾರು ಎಂದು ಧಣಿ ಹೇಗೆ ಗುರುತಿಸಬೇಕು? ಗಲ್ಲಾದ ಎದುರು ಸಂತೆ ನೆರೆಯಿತು.

ಇಷ್ಟರಲ್ಲಿ ಗಡಿಯಾರದವರು ಬಂದು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಜುಗ್ಗ ಮನುಷ್ಯರಾದ್ದರಿಂದ ಒಂದೇ ಇಡ್ಲಿ, ಒಂದು ಕಾಫಿ ಹೇಳಿದರು. ಇಡ್ಲಿ ಮುರಿಯಲಿಲ್ಲ. ಒಂದು ಕಣ್ಣು ಮುಚ್ಚಿ ಅದನ್ನು ನೋಡಿದರು, ನಿಟ್ಟುಸಿರು ಬಿಟ್ಟರು. ನೆನೆದರೆ ಮೆತ್ತಗಾದೀತು ಎಂದು ಸಾಂಬಾರು ಹಾಕಿಸಿಕೊಂಡರು. ಮತ್ತೊಮ್ಮೆ ಹಾಕಿಸಿಕೊಂಡರು. ಐದು ಸಲ ಹಾಕಿಸಿಕೊಂಡರು. ಸಾಂಬಾರಿಗೆ ದುಡ್ಡಿಲ್ಲ, ನಿಜ. ಆದರೆ ಅದು ಭಟ್ಟರ ಕೈಯ ಸಾಂಬಾರು, ಪ್ರತಿ ಸೌಟೂ ಅವರ ಎದೆಯಲ್ಲಿ ಬರೆದಿತ್ತು. ಗಡಿಯಾರದವರು ಕೈ ತೊಳೆದು ಹೊರಟದ್ದೇ ಭಟ್ಟರು ಊರಿಗೆಲ್ಲ ಕೇಳುವಂತೆ ಕೂಗಿದರು:

“ಒಂದು ಇಡ್ಲಿಗೆ ಐದು ಸೌಟು ಸಾಂಬಾರು ಕುಡಿದವರು, ಒಂದಾಣೆ!”

ಮೂವತ್ತು ಮುಖಗಳು ತಿರುಗಿದವು. ವಕೀಲರ ತಲೆ ತಗ್ಗಿಸುತ್ತಿದ್ದ ಮನುಷ್ಯರು ಒದ್ದೆ ಕೈ ಹಿಡಿದುಕೊಂಡು ನಡುವೆ ನಿಂತಿದ್ದರು. ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಅವರ ಕಣ್ಣು ಬಾಗಿಲಿನ ಕಡೆ ಹೋಯಿತು. ಆ ಬಾಗಿಲು ದಾಟಿದರೆ ಅವರು ನೆಟ್ಟಗೆ ಕಾರ್ಕಳಕ್ಕೇ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡು, ಸೌಟು ಹಿಡಿದವನು ಹಾಗೇ ಹೊರಗೆ ಹಾರಿದೆ.

“ತಪ್ಪು ಧಣೀ, ತಪ್ಪು! ಆ ಲೆಕ್ಕ ತಪ್ಪು! ರೂಪವಂತರು ಎರಡಾಣೆ!”

ಬೆಂಚುಗಳು ಕಿರುಗುಟ್ಟಿದವು. ಬಂದರಿನ ಗುಮಾಸ್ತರು ಮೂರು ಕೂದಲು ಬಾಚಿಕೊಂಡು ಎದ್ದರು. ಹಂಚಿನ ಮೇಸ್ತ್ರಿಗಳು ಎದ್ದರು. ಮರದ ವ್ಯಾಪಾರಿ ಬೈಗುಳವನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅರುವತ್ತೈದು ದಾಟಿದ ಮಾಷ್ಟ್ರು ಕೋಲು ಊರಿಕೊಂಡು ಎದ್ದರು. ಧಣಿಯೇ ಗಲ್ಲಾದ ಹಿಂದಿನಿಂದ ಅರ್ಧ ಎದ್ದು, ದುಡ್ಡು ಯಾರಿಗೆ ಕೊಡಬೇಕೆಂದು ತಿಳಿಯದೆ ಮತ್ತೆ ಕೂತರು. ಒಟ್ಟು ಎಂಟು ಮಂದಿ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ, ಕೋಟಿನ ಗುಂಡಿ ಸರಿಮಾಡಿಕೊಂಡು, ಒಂದಾಣೆ ಕೊಡಬೇಕಾದ ಜುಗ್ಗರು ಎರಡಾಣೆ ಹಿಡಿದು ನಿಂತಿದ್ದರು. ಸಾಂಬಾರಿನ ಮಾತು ಯಾರಿಗೂ ನೆನಪಿರಲಿಲ್ಲ.

ಭಟ್ಟರು ತಟ್ಟೆಯನ್ನು ಗಲ್ಲಾದ ಮೇಲಿಟ್ಟು ಕೈ ಮುಗಿದರು. “ಧಣೀ, ನನ್ನನ್ನು ಒಲೆಗೆ ಕಳಿಸಿ. ಅವನಿಗೆ ಹತ್ತು ಕೊಡಿ, ಹನ್ನೆರಡು ಕೊಡಿ. ಇನ್ನು ಒಂದು ಗಳಿಗೆ ನಾನು ಇಲ್ಲಿ ನಿಂತರೆ ಕಾಶಿಗೆ ಹೋಗ್ತೇನೆ.” ಹೇಳಿ, ಉತ್ತರಕ್ಕೂ ಕಾಯದೆ ಒಳಗೆ ಓಡಿದರು.

ಧಣಿ ಗಲ್ಲಾಕ್ಕೆ ಬಿದ್ದ ಎರಡೆರಡು ಆಣೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಹತ್ತು,” ಎಂದರು. “ಕಾಗೆ ಸಹ ಕೂಗ್ತದೆ ಮಾರಾಯ. ಆದರೆ ಅದರ ಕೂಗಿಗೆ ಯಾರೂ ದುಡ್ಡು ಹಿಡಿದುಕೊಂಡು ಎದ್ದು ಬರುದಿಲ್ಲ.”

ಗಡಿಯಾರದವರು ಅದನ್ನು ಕೇಳಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ, ನನ್ನನ್ನು ತಲೆಯಿಂದ ಹಿಟ್ಟು ಮೆತ್ತಿದ ಮೊಣಕೈಯವರೆಗೆ ನೋಡಿದರು. ನಿಟ್ಟುಸಿರು ಬಿಟ್ಟರು.

“ಹೀಗೆ ಕೂಗಲಿಕ್ಕೆ ನಿನಗೆ ಯಾರು ಕಲಿಸಿದ್ದು?”

“ಯಾರೂ ಕಲಿಸಲಿಲ್ಲ.”

‘ಅದೇ ತಪ್ಪು’ ಎನ್ನುತ್ತಾರೆ ಎಂದು ಕಾದೆ. ಅವರು ಹಾಗೆನ್ನಲಿಲ್ಲ. “ಬುಧವಾರ ಬಾ,” ಎಂದರು.

ಅವರ ಬುಧವಾರ ಎಂಥದ್ದೆಂದು ಮಂಗಳೂರಿನಲ್ಲಿ ನನಗಿಂತ ಹೆಚ್ಚು ಬಲ್ಲವರು ಯಾರು? ಆದರೂ ಹೋದೆ. ಹೋಗಿ ನೋಡಿದರೆ ಅಂಗಡಿಯ ಮೇಜಿನ ಮೇಲಿದ್ದ ಚಕ್ರಗಳನ್ನೆಲ್ಲ ಬದಿಗೆ ಸರಿಸಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮದುವೆಗೆ ದಿನವನ್ನೂ ಗೊತ್ತುಮಾಡಿಸಿ ಕಾದು ಕೂತಿದ್ದರು. ಬಾಗಿಲ ಹತ್ತಿರ ಬುತ್ತಿ ಹಿಡಿದವಳು ನಗುತ್ತಿದ್ದಳು. ಹೇಳಿದ ದಿನಕ್ಕೆ ಹೇಳಿದ ಕೆಲಸವನ್ನು ಆ ಮನುಷ್ಯರು ಮುಗಿಸಿಕೊಟ್ಟದ್ದು ಜನ್ಮದಲ್ಲಿ ಅದೊಂದೇ ಸಲ. ನಾನು ಕಣ್ಣು ಒರೆಸಿಕೊಂಡೆ.

ಎದ್ದು ಹೊರಡುವಾಗ ಧಣಿಯ ಮುಖ ನೆನಪಾಗಿ, “ಹೋಟೆಲಿನ ಗಡಿಯಾರ?” ಎಂದು ಕೇಳಿದೆ.

“ಬುಧವಾರ ಬಾ,” ಎಂದರು ಮಾವ.